ಬಲೆಯ ಹಿಂದೆ

ತಟ್ಟೆಯಿಂದ ತಲೆ ಎತ್ತದೆಯೇ ಶಶಿಕಿರಣ್ "ಇಟಲಿಯವನು ಪೆನಾಲ್ಟೀನ ಮೇಲಕ್ಕೆ ಹೊಡೆದ್ಬಿಟ್ಟ ಅಪ್ಪ, ವರ್ಲ್ಡ್ ಕಪ್ ಬ್ರೆಜಿಲ್‌ಗೆ ಹೋಯ್ತು" ಅಂದಾಗ ಏಕಾಂತಯ್ಯನಿಗೆ ಮೊದಲು ತೋಚಿದ್ದು, ಇವತ್ತು ಸಂಜೆ ಪಾರ್ಕಿಗೆ ಹೋಗಬಾರದು ಅಂತ. ಮಗ ನಿದ್ದೆಗೆಟ್ಟ ಕಣ್ಣು ಉಜ್ಜಿಕೊಳ್ಳುತ್ತ ಇನ್ನೂ ಹೇಳುತ್ತಿದ್ದ. ಹೊಡೆದವನು ಸೊಂಟದ ಮೇಲೆ ಕೈ ಇಟ್ಟುಕೊಂಡು ತಲೆ ತಗ್ಗಿಸಿ ನಿಂತೇಬಿಟ್ಟನಂತೆ, ಸುತ್ತ ಎಲ್ಲರೂ ಕುಣಿಯುತ್ತಿದ್ದರೂ ಅಲ್ಲಾಡಲಿಲ್ಲವಂತೆ. ಶೈಲಜಮ್ಮ ಇನ್ನೊಂದು ದೋಸೆ ಹಾಕಲು ಬಂದವಳು ಗಂಡನ ತಟ್ಟೆಯ ದೋಸೆ ಹಾಗೇ ಇರುವುದನ್ನು ನೋಡಿ ಹಿಂದಿರುಗಿದಳು. ಹಾಗೆ ನಿಂತವನು ಹೇಗೆ ಕಾಣುತ್ತಾನೆಂದು ಏಕಾಂತಯ್ಯನಿಗೆ ಗೊತ್ತಿತ್ತು. ಅವನು ಅದನ್ನು ನೆಲದ ಮೇಲಿಂದ, ಚೆಂಡನ್ನು ಎದೆಗೆ ಅವುಚಿಕೊಂಡು, ಹಲ್ಲಿಗೆ ಸಿಕ್ಕ ಮಣ್ಣನ್ನು ಉಗಿಯದೆ ನೋಡಿದ್ದ. ಮೂವತ್ತು ವರ್ಷದ ಹಿಂದೆ ತನ್ನೆದುರು ಪೆನಾಲ್ಟಿ ಹೊಡೆದ ಶ್ರೀಹರಿಗೆ ಆಗ ಇಪ್ಪತ್ತಾರೋ ಇಪ್ಪತ್ತೇಳೋ. ಹೀಗೇ ಸೊಂಟದ ಮೇಲೆ ಕೈ. ಆದರೆ ಶ್ರೀಹರಿ ತಲೆ ತಗ್ಗಿಸಿರಲಿಲ್ಲ. ಅವನು ಏಕಾಂತಯ್ಯನನ್ನು ನೋಡುತ್ತಿರಲಿಲ್ಲ, ಚೆಂಡನ್ನೂ ನೋಡುತ್ತಿರಲಿಲ್ಲ. ಏಕಾಂತಯ್ಯನ ತಲೆಯ ಮೇಲಿಂದ, ಬಲೆಯ ಆಚೆಗೆ ನೋಡುತ್ತಿದ್ದ.

ಮಾಮೂಲ್‌ಪೇಟೆಯ ಅಂಗಡಿಗೆ ಬಂದು ಹಗ್ಗದ ಸುರುಳಿಗಳ ನಡುವೆ ಕೂತ ಮೇಲೂ ಅದೇ. ತಾತನ ಕಾಲದಿಂದ ಹಗ್ಗ, ಹುರಿ, ಗೋಣಿ ಮಾರಿಕೊಂಡು ಬಂದ ಅಂಗಡಿ. ಅಕ್ಕಪಕ್ಕದವರು ಹೊಸಬರಿಗೆ ಅವನನ್ನು ತೋರಿಸುವುದೇ ಪೆನಾಲ್ಟಿ ಏಕಾಂತಯ್ಯ ಅಂತ. "ಬಿನ್ನಿಪೇಟೆ ಟೀಮಿಗೆ ಕೀಪರ್ ಆಗಿದ್ರು ಈ ಯಜಮಾನ್ರು. ಫೈನಲ್‌ನಲ್ಲಿ ಶ್ರೀಹರಿ ಹೊಡೆದ ಪೆನಾಲ್ಟಿ ಹಿಡಿದಿದ್ದು ಇವರೇನೆ. ತಳ್ಳಿದ್ದಲ್ಲ, ಹಿಡಿದಿದ್ದು." ಅಂಥ ಹೊತ್ತಲ್ಲಿ ಏಕಾಂತಯ್ಯ ಮುಗುಳ್ನಕ್ಕು ತಕ್ಕಡಿಯ ಕಡೆಗೆ ನೋಡುತ್ತಾನೆ. ಶೈಲಜಮ್ಮನ ತಂದೆ ಹೆಣ್ಣು ಕೊಟ್ಟದ್ದು ಆ ಕೈಗಳನ್ನು ನೋಡಿ ಅಂತ ಈಗಲೂ ನೆಂಟರಲ್ಲಿ ತಮಾಷೆ ಇದೆ. ಅದೊಂದನ್ನು ತೆಗೆದುಬಿಟ್ಟರೆ ಅವನು ಮಾಮೂಲ್‌ಪೇಟೆಯ ಒಬ್ಬ ಹಗ್ಗದ ವ್ಯಾಪಾರಿ, ಅಷ್ಟೆ. ಅದನ್ನು ಯಾರೂ ಅಂದಿರಲಿಲ್ಲ, ತಾನೇ ಎಷ್ಟೋ ಸಲ ಅಂದುಕೊಂಡಿದ್ದ.

ಶ್ರೀಹರಿ ಯಾವಾಗಲೂ ಕೀಪರನ ಬಲಕ್ಕೆ ಹೊಡೆಯುತ್ತಿದ್ದ. ಅಂಚೆ ತಂತಿ ಇಲಾಖೆಯ ಟೀಮಿನ ಶ್ರೀಹರಿ ಬಲಕ್ಕೆ ಹೊಡೀತಾನೆ ಅನ್ನುವುದು ಬೆಂಗಳೂರಿನ ಎಲ್ಲ ಕೀಪರುಗಳಿಗೂ ಗೊತ್ತಿತ್ತು. ಗೊತ್ತಿದ್ದೂ ಯಾರಿಗೂ ಹಿಡಿಯಲಾಗುತ್ತಿರಲಿಲ್ಲ, ಹೊಡೆತ ಅಷ್ಟು ಬಿರುಸು. ಅವತ್ತು ಏಕಾಂತಯ್ಯನೂ ಬಲಕ್ಕೇ ಎಂದು ನಿಶ್ಚಯ ಮಾಡಿಕೊಂಡಿದ್ದ. ಮೈಯ ಭಾರವೆಲ್ಲ ಆ ಕಡೆಗೆ ವಾಲಿಯೂ ಆಗಿತ್ತು. ಕಂಟೋನ್ಮೆಂಟ್ ಕಡೆಯ ಸ್ಟೇಡಿಯಮ್ಮಿನಲ್ಲಿ ಜನ ಹುಚ್ಚೆದ್ದು ಕೂಗುತ್ತಿದ್ದರು. ಆ ಕೂಗಿನ ನಡುವೆ, ಕೂಗಿಗೆ ಏನೂ ಸಂಬಂಧವಿಲ್ಲದ ಹಾಗೆ, ಕಿವಿಯ ಪಕ್ಕದಲ್ಲೇ ಯಾರೋ "ಎಡಕ್ಕೆ" ಅಂದಿದ್ದರು. ವಿಳಾಸ ಕೇಳಿದವರಿಗೆ ದಾರಿ ಹೇಳಿದಷ್ಟು ಸಾವಧಾನವಾಗಿ. ಗುರುತಿನ ದನಿಯಲ್ಲ. ಸತ್ತುಹೋಗಿದ್ದ ಅಪ್ಪನದಲ್ಲ, ಸೋದರಮಾವನದೂ ಅಲ್ಲ. ಆಮೇಲೆ ಎಷ್ಟೋ ವರ್ಷ ಒಬ್ಬೊಬ್ಬರ ದನಿಯನ್ನೂ ತಂದು ಹೊಂದಿಸಿ ನೋಡಿದ್ದ. ಮೈ ಅವನನ್ನು ಕೇಳದೆ ಎಡಕ್ಕೆ ಹೋಯಿತು. ಚೆಂಡು ಬಂದು ಕೈಯಲ್ಲಿ ಕೂತಿತು. ಕೀಪರಾದವನು ಹಿಂದೆ ತಿರುಗಬಾರದು, ಅವನು ತಿರುಗಲಿಲ್ಲ. ಜೊತೆಯವರು ಹೆಗಲ ಮೇಲೆ ಹೊತ್ತುಕೊಂಡಾಗ ಎತ್ತರದಿಂದ ಒಂದು ಸಲ ಕಣ್ಣು ಹಾಯಿಸಬಹುದಿತ್ತು. ಆಗಲೂ ತಿರುಗಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದರೆ ಆ ಚೆಂಡನ್ನು ಹಿಡಿದದ್ದು ಯಾರು ಎಂಬ ಮಾತು ಬರುತ್ತಿತ್ತು.

ಹೋಗಬಾರದು ಅಂದುಕೊಂಡವನು ಸಂಜೆ ಹೊತ್ತಿಗೆ ಬ್ಯೂಗಲ್ ರಾಕ್ ಪಾರ್ಕಿನ ಕಲ್ಲುಬೆಂಚಿನ ಮುಂದಿದ್ದ. ಮೂರು ವರ್ಷದ ಹಿಂದೆ ಇಲ್ಲೇ ಶ್ರೀಹರಿ ಎದುರು ಬಂದದ್ದು. ಆಟವಾಡುವ ಕಾಲದಲ್ಲಿ ಇಬ್ಬರೂ ಒಂದು ಮಾತು ಆಡಿದವರಲ್ಲ. ಒಂದು ಸಲ ಶ್ರೀಹರಿಯ ಬೂಟು ಏಕಾಂತಯ್ಯನ ಕಿರುಬೆರಳನ್ನು ತುಳಿದು ಮುರಿದಿತ್ತು, ಅವನು ಕ್ಷಮೆ ಕೇಳಿರಲಿಲ್ಲ, ಇವನು ನಿರೀಕ್ಷಿಸಿಯೂ ಇರಲಿಲ್ಲ. ಪಾರ್ಕಿನಲ್ಲಿ ಮೊದಲ ಸಲ ಕಂಡಾಗ ಶ್ರೀಹರಿ ಆ ಬೆರಳನ್ನೇ ಹಿಡಿದು ನೋಡಿ, "ಸರಿಯಾಗಿ ಕೂಡ್ಲೇ ಇಲ್ವಲ್ಲೋ" ಅಂದಿದ್ದ. ಅಲ್ಲಿಂದ ದಿನಾ ಸಂಜೆಯ ಜಗಳ. ಚೆಂಡನ್ನು ತನ್ನ ಟೀಮಿನವನೇ ಕಾಲಲ್ಲಿ ಹಿಂದಕ್ಕೆ ತಳ್ಳಿದರೆ ಕೀಪರು ಕೈಯಲ್ಲಿ ಮುಟ್ಟಬಾರದು ಅನ್ನುವ ಹೊಸ ಕಾಯ್ದೆ ಬಂದಾಗ ಒಂದು ವಾರ ಅದೇ ಆಯಿತು. ಅದು ಕೀಪರುಗಳಿಗೆ ಮಾಡಿದ ಅವಮಾನ ಅಂತ ಏಕಾಂತಯ್ಯ. "ಕೀಪರ್ ಅನ್ನೋನು ಆಟದಲ್ಲಿ ಇಲ್ದೇ ಇರೋ ಮನುಷ್ಯ ಕಣೋ. ತೊಂಬತ್ತು ನಿಮಿಷ ಕಂಬದ ಜೊತೆ ಇನ್ನೊಂದು ಕಂಬ" ಅಂತ ಶ್ರೀಹರಿ. ಇಬ್ಬರ ನಡುವೆ ಛತ್ರಿ ಊರಿಕೊಂಡು ಕೂರುವ ಶೀನಣ್ಣ, ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು, "ಅಲ್ರಯ್ಯ, ಬರಿಗಾಲಲ್ಲಿ ಆಡ್ತಿದ್ದೋರ ಮುಂದೆ ನೀವಿಬ್ರೂ ಏನು" ಅಂತ ಇಬ್ಬರನ್ನೂ ಮಟ್ಟ ಹಾಕುತ್ತಿದ್ದ. ಎಲ್ಲ ಆಟದ ಮಾತೂ ಬರುತ್ತಿತ್ತು, ಆ ಒಂದು ಫೈನಲ್ ಬಿಟ್ಟು. ಅವತ್ತು ಗ್ಯಾಲರಿಯಲ್ಲಿ ಕೂತಿದ್ದ ಶೀನಣ್ಣ ಕೂಡ ಅದನ್ನು ಎತ್ತುತ್ತಿರಲಿಲ್ಲ. ಅದು ಮೂವರ ನಡುವಿನ ಮರ್ಯಾದೆ.

ಅಂದು ಶೀನಣ್ಣ ಬಂದಿರಲಿಲ್ಲ. ಆಷಾಢದ ಗಾಳಿ ಬಂಡೆಗಳ ಮೇಲೆ ಬೀಸುತ್ತಿತ್ತು. ಮರದ ತುಂಬ ಬಾವಲಿಗಳು ತಲೆಕೆಳಗಾಗಿ ತೂಗಾಡುತ್ತಿದ್ದವು, ಗಾಳಿ ಬಂದಾಗ ಒಂದಿಷ್ಟು ಕಿಚಗುಟ್ಟಿ ಮತ್ತೆ ಸುಮ್ಮನಾಗುತ್ತಿದ್ದವು. ಶ್ರೀಹರಿ ಮಫ್ಲರ್ ಸುತ್ತಿಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದ.

"ನೋಡಿದ್ಯಾ?" ಅಂದ.

"ಇಲ್ಲ. ಹುಡುಗ ಹೇಳ್ದ."

"ನಾನು ನೋಡ್ದೆ. ಮನೇಲಿ ಆಂಡಾಳ್ ಬೈತಾನೇ ಇದ್ಳು, ಮಲಗಿ ಅಂತ." ಶ್ರೀಹರಿ ತನ್ನ ಮೊಣಕಾಲು ನೀವಿಕೊಂಡ. "ಅವನು ಹೊಡೆಯೋದನ್ನ ನಾನು ನೋಡ್ಲಿಲ್ಲ ಏಕಾಂತ. ಬಲೆ ಹಿಂದೆ ನೋಡ್ತಿದ್ದೆ. ಯಾರಾದ್ರೂ ಇದಾರಾ ಅಂತ."

ಏಕಾಂತಯ್ಯ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ.

"ಅವತ್ತು ನಿನ್ನ ಹಿಂದೆ ನಿಂತಿದ್ದೋನು ಯಾರು?"

"ಯಾವತ್ತು?" ಅಂದುಬಿಟ್ಟ ಏಕಾಂತಯ್ಯ. ಯಾವತ್ತು ಎಂದು ಕೇಳುವ ಅಗತ್ಯವೇ ಇರಲಿಲ್ಲ, ಕೇಳಿದ್ದಕ್ಕೆ ಆ ಕ್ಷಣವೇ ನಾಚಿಕೆಯಾಯಿತು. ಶ್ರೀಹರಿ ಅದನ್ನು ಗಮನಿಸಿದಂತೆ ಕಾಣಲಿಲ್ಲ, ಅಥವಾ ಗಮನಿಸಿ ಬಿಟ್ಟುಕೊಟ್ಟ. ನಿಧಾನವಾಗಿ, ತುಂಬ ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದನ್ನು ಈಗ ಬಾಯಿಬಿಟ್ಟು ಹೇಳುವವನ ಹಾಗೆ ಹೇಳಿದ. "ಚೆಂಡು ಇಡೋವಾಗ ಯಾರೂ ಇರ್ಲಿಲ್ಲ. ಹಿಂದಕ್ಕೆ ಹೋಗಿ ತಿರುಗಿದೆ ನೋಡು, ಇದ್ದ. ಬಿಳೀ ಅಂಗಿ. ಎರಡೂ ಕೈಬೆರಳನ್ನ ಬಲೆ ಕಣ್ಣೊಳಗೆ ತೂರಿಸ್ಕೊಂಡು ನಿಂತಿದ್ದ. ಊರಿಗೆ ಊರೇ ನನ್ನ ನೋಡ್ತಿದ್ರೆ ಅವನು ಮಾತ್ರ ನಿನ್ನ ನೋಡ್ತಿದ್ದ. ನಿನ್ನ ಕತ್ತನ್ನ. ಮಕ್ಕಳು ಮಲಗಿರೋವಾಗ ನೋಡ್ತೀವಲ್ಲ, ಹಾಗೆ. ಮುಖ ಕೇಳ್ಬೇಡ, ಮುಖ ನೆನಪಿಲ್ಲ. ನಾನು ಓಡೋಕೆ ಶುರು ಮಾಡಿದ ಮೇಲೆ ಬಲೇನ ಒತ್ಕೊಂಡು ಮುಂದಕ್ಕೆ ಬಗ್ಗಿದ. ತುಟಿ ಅಲ್ಲಾಡ್ತು."

"ಯಾರಾದ್ರೂ ಹುಡುಗ್ರು ಚೆಂಡು ಎತ್ಕೊಂಡು ಬರೋಕೆ ನಿಂತಿರ್ತಾರೆ."

"ಹುಡುಗ ಅಲ್ಲ." ಶ್ರೀಹರಿ ತಲೆ ಅಲ್ಲಾಡಿಸಿದ. "ನಾನು ಯಾವಾಗ್ಲೂ ಬಲಕ್ಕೆ ಹೊಡೀತಿದ್ದೆ. ಅವತ್ತು ಎಡಕ್ಕೆ ಅಂತ ಅಂದ್ಕೊಂಡಿದ್ದು ಚೆಂಡು ಇಟ್ಟಾಗ. ಯಾರಿಗೂ ಹೇಳಿಲ್ಲ, ಹೇಳೋಕೆ ಹೊತ್ತೆಲ್ಲಿತ್ತು? ಅವನ ತುಟಿ ಅಲ್ಲಾಡಿದಾಗ್ಲೇ ನನಗೆ ಗೊತ್ತಾಗೋಯ್ತು, ನನ್ನ ತಲೆಯೊಳಗಿಂದ ಎತ್ಕೊಂಡು ಹೋಗಿ ನಿನಗೆ ಕೊಟ್ಬಿಟ್ಟ ಅಂತ. ಹೊಡೆತದಲ್ಲಿ ಬಿರುಸೇ ಉಳೀಲಿಲ್ಲ."

ಆಮೇಲಿನದನ್ನು ಅವನು ನಗುತ್ತ ಹೇಳಿದ, ಆ ನಗು ಕೇಳುವುದು ಕಷ್ಟವಾಗಿತ್ತು. ಮಾರನೆಯ ದಿನ ಕ್ಯಾಪ್ಟನ್‌ಗೆ ಹೇಳಿದ್ದನಂತೆ. ಕ್ಯಾಪ್ಟನ್ ಆಫೀಸಿನಲ್ಲಿ ಹೇಳಿದ. ಸೋತದ್ದಕ್ಕೆ ಶ್ರೀಹರಿ ದೆವ್ವದ ಮೇಲೆ ಹೊರಿಸಿದ ಅನ್ನುವುದು ಟಪಾಲು ವಿಂಗಡಣೆಯ ಮೇಜಿನಿಂದ ಮೇಜಿಗೆ ಹೋಯಿತು. ಅವನು ನಡೆದು ಬಂದರೆ ಯಾರಾದರೂ ಹಿಂದಿನಿಂದ ಬಗ್ಗಿ ಕಿವಿಯಲ್ಲಿ ಗುಸುಗುಸು ಮಾಡಿ ಓಡಿಹೋಗುತ್ತಿದ್ದರು. ಮುಂದಿನ ವರ್ಷ ಟೀಮಿನಲ್ಲಿ ಹೆಸರಿರಲಿಲ್ಲ. ಹೆಣ್ಣು ನೋಡಲು ಹೋದಾಗ ಆಂಡಾಳ್ ಅವರ ದೊಡ್ಡಪ್ಪ, ಹುಡುಗನ ತಲೆ ನೆಟ್ಟಗಿದೆಯಾ ಅಂತ ಅವನ ಎದುರಿಗೇ ಕೇಳಿದ್ದರು. "ಮೂವತ್ತು ವರ್ಷದಿಂದ ಅದನ್ನೇ ನನ್ನನ್ನ ನಾನು ಕೇಳ್ಕೋತಾ ಇದೀನಿ" ಅಂದ ಶ್ರೀಹರಿ. "ಒಂದೇ ಮಾತು ಹೇಳು. ನಿನಗೆ ಏನಾದ್ರೂ ಕೇಳಿಸ್ತಾ?"

ಬಾವಲಿಗಳು ಏಳತೊಡಗಿದ್ದವು. ಮೊದಲು ಒಂದೆರಡು, ಆಮೇಲೆ ಮರವೇ ಬಿಚ್ಚಿಕೊಂಡ ಹಾಗೆ. ಏಕಾಂತಯ್ಯನ ಬಾಯಿಯವರೆಗೆ ಆ ಪದ ಬಂದಿತ್ತು. ಹೌದು ಅಂದರೆ ಸಾಕಿತ್ತು, ಶ್ರೀಹರಿ ಹುಚ್ಚನಲ್ಲ ಎಂದಾಗುತ್ತಿತ್ತು. ಅದೇ ಹೊತ್ತಿಗೆ ಅಂಗಡಿಯ ಮುಂದೆ ನಿಂತು ಯಾರೋ "ಇವರೇನೆ" ಅನ್ನುವುದು, ತಾನು ಮುಗುಳ್ನಕ್ಕು ತಕ್ಕಡಿಯ ಕಡೆಗೆ ನೋಡುವುದು ಕಾಣಿಸಿತು. "ಯಾರೂ ಇರ್ಲಿಲ್ಲ ಹರಿ" ಅಂದ. ದನಿ ಸಾವಧಾನವಾಗಿತ್ತು, ತನ್ನ ದನಿ ಇಷ್ಟು ಸಾವಧಾನವಾಗಿ ಯಾವತ್ತೂ ಇರಲಿಲ್ಲ. "ನನಗೇನೂ ಕೇಳಿಸ್ಲಿಲ್ಲ. ನಾನೇ ನೋಡ್ಕೊಂಡು ಹಾರಿದ್ದು."

ಶ್ರೀಹರಿ ಅವನ ಮುಖವನ್ನು ತುಂಬ ಹೊತ್ತು ನೋಡಿದ. "ಹಾಗಾ" ಅಂದ. ಮಫ್ಲರನ್ನು ಬಿಚ್ಚಿ ಮತ್ತೆ ಸುತ್ತಿಕೊಂಡು ಎದ್ದು ಹೋದ.

ಮಾರನೆಯ ದಿನ ಅವನು ಬರಲಿಲ್ಲ, ಅದರ ಮಾರನೆಯ ದಿನವೂ ಬರಲಿಲ್ಲ. ಶೀನಣ್ಣ, ಜ್ವರ ಇರಬೇಕು, ಆಷಾಢದ ಗಾಳಿ ಒಳ್ಳೇದಲ್ಲ ಅಂದ. ಏಕಾಂತಯ್ಯನಿಗೆ ಊಟ ಸೇರುತ್ತಿರಲಿಲ್ಲ. ಶ್ರೀಹರಿ ಸುಳ್ಳು ಹೇಳಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು, ಸೋತವನು ಗೆದ್ದವನಿಂದ ಕಿತ್ತುಕೊಳ್ಳಲು ಬಂದ ಅಂದುಕೊಳ್ಳಬಹುದಿತ್ತು. ಆದರೆ ತಾನು ಬಾಯಿಬಿಡದ ಮಾತಿನ ಇನ್ನೊಂದು ಅರ್ಧವನ್ನು ಅವನು ಎಲ್ಲಿಂದ ತಂದ? ಇಷ್ಟು ವರ್ಷ ಅದೊಂದು ದನಿ ಮಾತ್ರವಾಗಿತ್ತು. ಮನಸ್ಸು ಮಾಡಿದ್ದರೆ ತನ್ನದೇ ಬುದ್ಧಿಯ ದನಿ ಅಂತ ಅದನ್ನು ತಳ್ಳಿಹಾಕಬಹುದಿತ್ತು, ಎಷ್ಟೋ ಸಲ ಹಾಗೆ ಮಾಡಿಯೂ ಇದ್ದ. ಈಗ ಅದಕ್ಕೆ ಬಿಳಿ ಅಂಗಿ ಬಂದಿತ್ತು, ಬಲೆಯೊಳಗೆ ತೂರಿದ ಬೆರಳುಗಳು ಬಂದಿದ್ದವು. ಬೆಳಗಿನ ಪೂಜೆಗೆ ಕೂತು ಎಡಗೈ ಮೇಲೆ ಲಿಂಗವನ್ನಿಟ್ಟುಕೊಂಡು ಕಣ್ಣು ನೆಟ್ಟರೆ ಕತ್ತಿನ ಹಿಂದೆ ಯಾರದೋ ದೃಷ್ಟಿ ಬಿದ್ದ ಹಾಗೆ ಬೆಚ್ಚಗಾಗುತ್ತಿತ್ತು. ದ್ವೇಷವಿದ್ದಿದ್ದರೆ ಎದುರಿಸಬಹುದಿತ್ತು. ಮಕ್ಕಳು ಮಲಗಿರುವಾಗ ನೋಡುವ ಹಾಗೆ ಅಂದಿದ್ದನಲ್ಲ ಶ್ರೀಹರಿ, ಅದನ್ನು ತಡೆಯಲಾಗುತ್ತಿರಲಿಲ್ಲ. ಒಮ್ಮೆ ಗೋಣಿಯ ಮೂಟೆ ಕಟ್ಟಿಸುತ್ತಿದ್ದಾಗ ಶಶಿಕಿರಣ್ ಹಿಂದಿನಿಂದ ಬಂದು ಹೆಗಲು ಮುಟ್ಟಿದ. ಏಕಾಂತಯ್ಯ ಎಷ್ಟು ಜೋರಾಗಿ ಕೈ ಬೀಸಿದನೆಂದರೆ ಹುಡುಗನ ಕನ್ನಡಕ ಹಾರಿ ರಸ್ತೆಗೆ ಬಿತ್ತು. ಬೀದಿಯವರೆಲ್ಲ ನೋಡಿದರು. ಮಗ ಕನ್ನಡಕ ಎತ್ತಿಕೊಂಡು ಒರೆಸಿಕೊಂಡ. "ಅಪ್ಪ, ಮನೆಗೆ ಹೋಗಿ ಸ್ವಲ್ಪ ಮಲಗಿ, ನಾನು ನೋಡ್ಕೋತೀನಿ" ಅಂದ. ಆ ಮೆತ್ತಗಿನ ಮಾತು ಕೇಳಿ ಏಕಾಂತಯ್ಯನಿಗೆ ಶ್ರೀಹರಿಯ ಮೂವತ್ತು ವರ್ಷ ಏನೆಂದು ಮೊದಲ ಸಲ ಅರ್ಥವಾಯಿತು. ಎಲ್ಲರೂ ತನ್ನೊಡನೆ ಹೀಗೆ ಮೆತ್ತಗೆ ಮಾತಾಡತೊಡಗುವುದು.

ಭಾನುವಾರ ಬೆಳಿಗ್ಗೆ ಅವನು ಗವಿಪುರದ ಶ್ರೀಹರಿಯ ಮನೆಗೆ ಹೊರಟ. ಚಾಮರಾಜಪೇಟೆಯ ತನ್ನ ಮನೆಯಿಂದ ನಡೆದೇ ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಕೇಳಿಸಿತ್ತು ಹರಿ. ನೀನು ನೋಡಿದ್ದು ನಿಜ. ಚೆಂಡು ನನ್ನದಲ್ಲ. ಹೇಳಿಬಿಟ್ಟರೆ ಅಂಗಡಿಯ ಮುಂದೆ ಯಾರೂ ಬಂದು ಕಸಿದುಕೊಳ್ಳುವುದಿಲ್ಲ, ಶ್ರೀಹರಿ ಊರಿಗೆ ಸಾರುವವನೂ ಅಲ್ಲ. ಇಬ್ಬರಿಗೂ ಗೊತ್ತಿರುತ್ತದೆ, ಅಷ್ಟೆ. ಇಬ್ಬರಿಗೆ ಗೊತ್ತಿದ್ದರೆ ಒಬ್ಬನೇ ಹೊರುವುದು ತಪ್ಪುತ್ತದೆ. ಬಾಗಿಲು ತಟ್ಟುವ ಹೊತ್ತಿಗೆ ಅವನ ಎದೆ ಹಗುರಾಗಿಯೇ ಇತ್ತು.

ಬಾಗಿಲು ತೆರೆದದ್ದು ಆಂಡಾಳ್. "ಬನ್ನಿ ಬನ್ನಿ, ನಾನೇ ನಿಮ್ಮನೆಗೆ ಬರೋಣ ಅಂತಿದ್ದೆ" ಅಂದರು. ಒಳಗೆ ಕರೆದು ಕೂರಿಸಿ, ಗಂಡನಿಗೆ ಕೇಳಿಸದಂತೆ ದನಿ ತಗ್ಗಿಸಿದರು. "ಇವರಿಗೆ ಏನು ಹೇಳಿದ್ರೋ ಗೊತ್ತಿಲ್ಲ. ಎರಡು ದಿನ ಹಾಸಿಗೆ ಬಿಟ್ಟೇ ಏಳ್ಲಿಲ್ಲ. ಹೆದರಿಬಿಟ್ಟಿದ್ದೆ. ಆಮೇಲೆ ನೋಡಿದ್ರೆ ಬರೀ ನಿದ್ದೆ. ನಾನು ಈ ಮನೆಗೆ ಬಂದಾಗಿನಿಂದ ಇವರು ಹಾಗೆ ನಿದ್ದೆ ಮಾಡಿದ್ದನ್ನ ನೋಡಿಲ್ಲ. ರಾತ್ರಿ ಎದ್ದು ಕೂತಿರೋರು, ಏನು ಅಂದ್ರೆ ಏನಿಲ್ಲ ಅನ್ನೋರು." ಅವರ ಕಣ್ಣು ತುಂಬಿತ್ತು. ಕೈ ಮುಗಿಯಲು ಹೋಗಿ, ಸರಿಯಲ್ಲವೆನಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಕಾಫಿಗೆಂದು ಎದ್ದು ಹೋದರು.

ಶ್ರೀಹರಿ ಹಿತ್ತಿಲಿನಲ್ಲಿ ದಾಸವಾಳದ ಗಿಡಕ್ಕೆ ಪಾತಿ ಮಾಡುತ್ತಿದ್ದವನು ಮಣ್ಣು ಕೈಯಲ್ಲೇ ಬಂದ. ಮುಖ ತುಂಬಿಕೊಂಡಿತ್ತು, ಹತ್ತು ವರ್ಷ ಚಿಕ್ಕವನಾದ ಹಾಗಿದ್ದ. "ಕೋಪ ಬಂತೇನೋ ನಿನಗೆ, ಬರ್ಲಿಲ್ಲ ಅಂತ" ಅಂದ.

"ಹರಿ, ಒಂದು ಮಾತು ಹೇಳೋಕೆ ಬಂದೆ."

"ಮೊದ್ಲು ನನ್ನ ಮಾತು ಕೇಳು." ಶ್ರೀಹರಿ ಎದುರಿನ ಮಣೆಯ ಮೇಲೆ ಕೂತ. "ನೀನು ಯಾರೂ ಇರ್ಲಿಲ್ಲ ಅಂದಾಗ ನಿನ್ನ ಕೊಲ್ಲೋಷ್ಟು ಸಿಟ್ಟು ಬಂತು. ಮನೆಗೆ ಬಂದು ಮಲಗಿ ಯೋಚನೆ ಮಾಡ್ದೆ. ಅಲ್ಲಿದ್ದೋನು ನೀನೊಬ್ಬನೇ. ನಿನಗಿಂತ ಸಾಕ್ಷಿ ಯಾರಿದಾರೆ? ನೀನು ಇಲ್ಲ ಅಂದ್ರೆ ಇಲ್ಲ. ನಾನು ಕೆಟ್ಟದಾಗಿ ಹೊಡ್ದೆ, ನೀನು ಚೆನ್ನಾಗಿ ಹಿಡ್ದೆ. ಇಷ್ಟೇ ಕಣೋ. ಕೆಟ್ಟದಾಗಿ ಹೊಡೆದೋರು ಪ್ರಪಂಚದಲ್ಲಿ ನಾನೊಬ್ನೇ ಏನು? ಇಟಲಿಯವನೂ ಹೊಡೆದ. ಅದನ್ನ ಇಟ್ಕೊಂಡು ಬದುಕ್ಬಹುದು. ಆ ಇನ್ನೊಂದನ್ನ ಇಟ್ಕೊಂಡು ಬದುಕೋಕಾಗಲ್ಲ." ಮಣ್ಣು ಮೆತ್ತಿದ ಕೈಯನ್ನು ಏಕಾಂತಯ್ಯನ ಮೊಣಕಾಲ ಮೇಲಿಟ್ಟು, "ಮೊದ್ಲೇ ಕೇಳ್ಬೇಕಿತ್ತು ನಿನ್ನ" ಅಂದ. "ಈಗ ನೀನು ಹೇಳು, ಏನು ಬಂದಿದ್ದು."

ಆಂಡಾಳ್ ಕಾಫಿ ಲೋಟಗಳನ್ನು ತಂದು ಇಟ್ಟು ಬಾಗಿಲ ಬಳಿಯೇ ನಿಂತರು. ಜೋಡಿಸಿಕೊಂಡು ಬಂದ ಮಾತುಗಳು ಎದೆಯಲ್ಲಿ ಒಂದರ ಹಿಂದೆ ಒಂದು ಬಂದು ನಿಂತವು. ಹೇಳಬೇಕಾದದ್ದು ನಿಜವೇ ಆಗಿತ್ತು. ಅದನ್ನು ಹೇಳಿದರೆ ಎದುರಿಗಿರುವವನ ಮುಖ ಮತ್ತೆ ಹಳೆಯ ಮುಖವಾಗುವುದನ್ನು ಕೂತು ನೋಡಬೇಕಾಗುತ್ತದೆ, ಬಾಗಿಲಲ್ಲಿ ನಿಂತ ಹೆಂಗಸು ಮತ್ತೆ ರಾತ್ರಿಗಳನ್ನು ಕಾಯಬೇಕಾಗುತ್ತದೆ. ಪಾರ್ಕಿನಲ್ಲಿ ಕೊಡದೆ ಉಳಿಸಿಕೊಂಡದ್ದು ಈಗ ಕೊಡಬಾರದ್ದಾಗಿ ಕೂತಿತ್ತು. ಅವನು ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಏನಿಲ್ಲ, ಶೀನಣ್ಣ ಕೇಳ್ತಿದ್ದ. ಜ್ವರಾನಾ ಅಂತ."

"ಜ್ವರಾನೂ ಇಲ್ಲ, ಏನೂ ಇಲ್ಲ. ನಾಳೆ ಬರ್ತೀನಿ." ಶ್ರೀಹರಿ ಮುಂದಕ್ಕೆ ಬಾಗಿದ. ಕಣ್ಣಿನಲ್ಲಿ ಆಟಗಾರನ ಹಳೆಯ ಆಸೆ ಇತ್ತು. "ಒಂದು ಗುಟ್ಟು ಮಾತ್ರ ಹೇಳ್ಬಿಡು. ಬೇರೆ ಯಾರೇ ಆಗಿದ್ರೂ ಬಲಕ್ಕೆ ಹೋಗ್ತಿದ್ರು. ನೀನು ಎಡಕ್ಕೆ ಹೇಗೆ ಹೋದೆ?"

ಹಿತ್ತಿಲ ಬಾಗಿಲಿನಿಂದ ಗಾಳಿ ಬಂದು ಕ್ಯಾಲೆಂಡರನ್ನು ಗೋಡೆಗೆ ಬಡಿಯಿತು. ಏಕಾಂತಯ್ಯ ಕಾಫಿ ಕುಡಿದು, ತುಟಿ ಒರೆಸಿಕೊಂಡು, "ನಿನ್ನ ಊರೋ ಕಾಲು" ಅಂದ. "ಹೊಡೆಯೋ ಕಾಲನ್ನ ಎಲ್ರೂ ನೋಡ್ತಾರೆ. ನೀನು ಊರಿದ ಕಾಲಿನ ಬೂಟಿನ ತುದಿ ಎಡಕ್ಕೆ ತಿರುಗಿತ್ತು. ಅದನ್ನ ನೋಡ್ದೆ."

ಶ್ರೀಹರಿ ಗಕ್ಕನೆ ಎದ್ದು ನಿಂತ. ಪಂಚೆ ಎತ್ತಿ ಕಟ್ಟಿ, ಹಜಾರದ ನಡುವೆ ಇಲ್ಲದ ಚೆಂಡಿನ ಮುಂದೆ ಕಾಲೂರಿ, ತನ್ನ ಪಾದವನ್ನು ತಾನೇ ಬಗ್ಗಿ ನೋಡಿಕೊಂಡ. "ಆಂಡಾಳ್, ನೋಡೇ ಇಲ್ಲಿ. ಮೂವತ್ತು ವರ್ಷ ನನಗೇ ಗೊತ್ತಿಲ್ಲ" ಅಂತ ಮಗುವಿನ ಹಾಗೆ ನಕ್ಕ. ಆಂಡಾಳ್ ಕೂಡ ನಕ್ಕರು. ಎಷ್ಟು ಸಲೀಸಾಗಿ ಬಂತಲ್ಲ ಎಂದು ಏಕಾಂತಯ್ಯನಿಗೆ ಆಶ್ಚರ್ಯವಾಗುತ್ತಿತ್ತು. ಅವನು ಅವತ್ತು ಯಾವ ಕಾಲನ್ನೂ ನೋಡಿರಲಿಲ್ಲ.

ಸೋಮವಾರ ಸಂಜೆ ಪಾರ್ಕಿಗೆ ಮೊದಲು ಬಂದವನು ಏಕಾಂತಯ್ಯ. ಯಾವಾಗಲೂ ಕೂರುವ ಬೆಂಚನ್ನು ಬಿಟ್ಟು, ಹಿಂದೆ ದೊಡ್ಡ ಬಂಡೆಯಿದ್ದ ಇನ್ನೊಂದಕ್ಕೆ ಹೋಗಿ, ಬೆನ್ನನ್ನು ಕಲ್ಲಿಗೆ ಒತ್ತಿ ಕೂತ. ಕಲ್ಲು ತಣ್ಣಗಿತ್ತು. ಅದರ ಮತ್ತು ಅವನ ನಡುವೆ ಒಂದು ಬೆರಳು ತೂರುವಷ್ಟೂ ಜಾಗವಿರಲಿಲ್ಲ. ಶೀನಣ್ಣ ಬಂದು, "ಇದೇನಯ್ಯ ಸ್ಥಾನ ಬದಲಾಯಿಸಿದ್ದೀಯ" ಅಂದಾಗ, ಗಾಳಿ ಅಂದ. ಶೀನಣ್ಣ ಅವನ ಎಡಕ್ಕೆ ಕೂತು ಛತ್ರಿಯನ್ನು ಬೆಂಚಿಗೆ ಒರಗಿಸಿದ. ಶ್ರೀಹರಿ ದೂರದಿಂದಲೇ ಕೈ ಬೀಸುತ್ತ ಬಂದ, ಕೂರಲೂ ಇಲ್ಲ. ಮೂರು ವರ್ಷದಿಂದ ಮೂವರಲ್ಲಿ ಯಾರೂ ಎತ್ತದಿದ್ದ ಫೈನಲ್ಲಿನ ಕತೆಯನ್ನು ಅವನೇ ಶೀನಣ್ಣನ ಮುಂದೆ ನಿಂತು ಶುರು ಮಾಡಿದ. ಚೆನ್ನಾಗಿ ಹೇಳುತ್ತಿದ್ದ. ಜನರ ಕೂಗು, ರೆಫರಿ ಸೀಟಿ ಊದಿದ್ದು, ತಾನು ಕೊನೇ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿದ್ದು. "ಇವನು ಏನು ಮಾಡ್ದ ಗೊತ್ತಾ ಶೀನಣ್ಣ, ನನ್ನ ಬೂಟಿನ ತುದಿ ನೋಡ್ದ. ಅಷ್ಟು ದೂರದಿಂದ. ನಾನು ಓಡಿ ಬಂದೆ, ಕಾಲು ಊರಿದೆ, ಹೊಡೆದೆ, ಇವನು..."

ಶ್ರೀಹರಿಯ ಬಾಯಿಂದ ಎಡಕ್ಕೆ ಅನ್ನುವ ಪದ ಇನ್ನೂ ಬಂದಿರಲಿಲ್ಲ. ಕಲ್ಲಿನ ಕಡೆಯಿಂದ, ಕಿವಿಯ ಪಕ್ಕದಲ್ಲೇ, ಅವಸರವಿಲ್ಲದೆ, ಅದು ಬಂತು. ಮೈ ಅವನನ್ನು ಕೇಳಲಿಲ್ಲ. ಏಕಾಂತಯ್ಯ ಎಡಕ್ಕೆ ಪೂರ್ತಿ ವಾಲಿ ಶೀನಣ್ಣನ ಮೇಲೆ ಬಿದ್ದ, ಛತ್ರಿ ಸದ್ದು ಮಾಡುತ್ತ ಉರುಳಿತು.

"ಇನ್ನೂ ಹಾರ್ತಾನಲ್ಲಯ್ಯ ಇವನು" ಅಂದ ಶೀನಣ್ಣ, ಅವನನ್ನು ಎತ್ತಿ ಕೂರಿಸುತ್ತ. ಶ್ರೀಹರಿ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಅವನು ಹಾಗೆ ನಗುವುದನ್ನು ಏಕಾಂತಯ್ಯ ನೋಡಿರಲಿಲ್ಲ. ತಾನೂ ನಕ್ಕ, ಬಗ್ಗಿ ಛತ್ರಿ ಎತ್ತಿಕೊಟ್ಟ, ಮತ್ತೆ ಬೆನ್ನನ್ನು ಕಲ್ಲಿಗೆ ಕೊಟ್ಟು ಕೂತ. ಹಿಂದೆ ತಿರುಗಿ ನೋಡಲಿಲ್ಲ.